ಎಂಟು, ಹತ್ತು, ಹನ್ನೆರಡು

ರೋಮಿಗೆ ಬಂದ ಹೊಸದರಲ್ಲಿ ಪ್ರಾಚೀನ ರೋಮನ್ನರೆಂದರೆ ನನ್ನ ಪಾಲಿಗೆ ಮೆಟ್ರೋ ಸ್ಟಾಪುಗಳು. ನಮ್ಮ ಮನೆ ಊರಿನ ಆಗ್ನೇಯ ದಿಕ್ಕಿಗೆ, ತುಸ್ಕೊಲಾನಾ ರಸ್ತೆಯ ಹತ್ತಿರ. ಎ ಲೈನಿನಲ್ಲಿ ಮನೆ ಕಡೆ ಬರುವಾಗ ನುಮಿದಿಯೊ ಕ್ವಾದ್ರಾತೊ, ಲೂಚೊ ಸೆಸ್ತಿಯೊ, ಜೂಲಿಯೊ ಅಗ್ರಿಕೊಲಾ ಅಂತ ಸಾಲಾಗಿ ಕೂಗುತ್ತಾರೆ. ಅತ್ತ ಕಡೆ ವ್ಯಾಟಿಕನ್ನಿಗೆ ಹೋಗುವವರು ಇಳಿಯುವ ಸ್ಟಾಪು ಒತ್ತಾವಿಯಾನೊ. ಆಗಸ್ಟಸ್ ಚಕ್ರವರ್ತಿಗೆ ಆ ಬಿರುದು ಬರುವ ಮುಂಚೆ ಇದ್ದ ಹೆಸರು ಅದು. ಬಾಗಿಲು ತೆಗೆದು ಮುಚ್ಚುವ ಸದ್ದಿನ ಜೊತೆ ಕಿವಿಗೆ ಬೀಳುವ ಇಂಥ ಹೆಸರನ್ನು ಹೊಟ್ಟೆಯಲ್ಲಿದ್ದ ಕೂಸಿಗೂ ಇಡಬಹುದು ಎಂಬ ಯೋಚನೆ ನನಗಂತೂ ಬಂದಿರಲಿಲ್ಲ. ಬಂದದ್ದು ನನ್ನ ಗಂಡನಿಗೆ. ಆತ ಇಲ್ಲೇ ಹುಟ್ಟಿ ಬೆಳೆದವನು, ಹೈಸ್ಕೂಲು ಮಕ್ಕಳಿಗೆ ಲ್ಯಾಟಿನ್ ಪಾಠ ಮಾಡುತ್ತಾನೆ. ನಾನು ತಿಪಟೂರಿನವಳು.

ರೋಮನ್ ಹೆಸರುಗಳು ಇಟಲಿಯಲ್ಲಿ ಅಪರೂಪವೇನಲ್ಲ. ಮಾರ್ಕೊ, ಜೂಲಿಯಾ, ಫಾಬಿಯೊ, ಕ್ಲಾವುದಿಯಾ, ವಲೇರಿಯೊ ಇವೆಲ್ಲ ಎರಡು ಸಾವಿರ ವರ್ಷದಿಂದ ಬಳಸಿ ಬಳಸಿ ನುಣುಪಾದ ಹೆಸರುಗಳು. ಜೂಲಿಯಾ ಅಂತ ಆಟದ ಮೈದಾನದಲ್ಲಿ ಕೂಗಿದರೆ ಮೂರು ಮಕ್ಕಳು ತಿರುಗಿ ನೋಡುತ್ತವೆ. ಯಾರಿಗೂ ಸೀಸರನ ವಂಶ ನೆನಪಾಗುವುದಿಲ್ಲ. ನನ್ನ ಗಂಡನಿಗೆ ಬೇಕಾಗಿದ್ದುದು ಇವಲ್ಲ, ಮಣ್ಣಿನಡಿಯಿಂದ ಅಗೆದು ತೆಗೆದಂಥವು. ನಮ್ಮಲ್ಲಿ ಕೃಷ್ಣ, ರಾಮ ಅಂತ ಇಡುವುದು ಬೇರೆ, ಪುಲಕೇಶಿ ಅಂತ ಇಡುವುದು ಬೇರೆ ನೋಡಿ, ಹಾಗೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ. ಐದನೇ ತಿಂಗಳವರೆಗೆ ಗಂಡೋ ಹೆಣ್ಣೋ ಗೊತ್ತಿರಲಿಲ್ಲವಾದ್ದರಿಂದ ಎರಡು ಕಾಲಂ.

ಗಂಡು ಹೆಸರಿನ ಕಾಲಂ ಬೇಗ ಬೇಗ ಖಾಲಿಯಾಯಿತು. ಮೊದಲು ಬರೆದಿದ್ದುದು ತೀತೊ, ಅಂದರೆ ಟೈಟಸ್. ಚಿಕ್ಕದು, ಚೊಕ್ಕದು. ಆದರೆ ಗಂಡನ ಬಾಲ್ಯದ ಗೆಳೆಯನೊಬ್ಬ ಇಲ್ಲಿನ ಯಹೂದಿ ಸಮುದಾಯದವನು. ಊಟಕ್ಕೆ ಬಂದವನು ಹಾಳೆ ಓದಿ, ‘ನಮ್ಮಜ್ಜಿ ಮಗು ನೋಡೋಕೆ ಬರಲ್ಲ’ ಅಂದ. ನಗುತ್ತಲೇ ಅಂದ, ಆದರೂ ಅಂದ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯವನ್ನು ನಾಶ ಮಾಡಿದ್ದು ಟೈಟಸನ ಸೈನ್ಯ. ಪುರಾತನ ರೋಮಿನ ಊರಚೌಕವಾದ ಫೋರಮ್ಮಿನ ಪಕ್ಕ ಅವನ ವಿಜಯದ ಕಮಾನಿದೆ. ದೇವಾಲಯದಿಂದ ಹೊತ್ತು ತಂದ ಏಳು ಕವಲಿನ ದೀಪವನ್ನು ಅದರ ಒಳಗೋಡೆಯಲ್ಲಿ ಕೆತ್ತಿದ್ದಾರೆ. ರೋಮಿನ ಯಹೂದಿಗಳು ಆ ಕಮಾನಿನ ಕೆಳಗೆ ಹಾದುಹೋಗಬಾರದೆಂಬ ಸಂಪ್ರದಾಯ ತಲೆತಲಾಂತರದಿಂದ ಇತ್ತು. ತೀತೊ ಹೋದ. ರೋಮೊಲೊ, ಕಾಯೊ ಇವೆರಡನ್ನೂ ಅತ್ತೆ ತಾವೇ ಪೆನ್ನು ತೆಗೆದುಕೊಂಡು ಹೊಡೆದು ಹಾಕಿದರು. ಅವರ ಅಪ್ಪನ ಕಾಲದಲ್ಲಿ ಮುಸೊಲಿನಿಗೆ ಪುರಾತನ ರೋಮಿನ ಹುಚ್ಚು. 1927ರಲ್ಲಿ ಹುಟ್ಟಿದ ತನ್ನ ಮಗನಿಗೆ ರೊಮಾನೊ ಅಂತಲೇ ಹೆಸರಿಟ್ಟವನು ಅವನು. ‘ಆ ವಾಸನೆ ಈ ಮನೆಗೆ ಬೇಡ’ ಅಂದರು ಅತ್ತೆ. ಇನ್ನು ಎನೇಯಾ. ಟ್ರಾಯ್ ನಗರದಿಂದ ಅಪ್ಪನನ್ನು ಹೆಗಲ ಮೇಲೆ ಹೊತ್ತು ಬಂದ ವೀರ. ಈಚೆಗೆ ಇಲ್ಲಿ ಆ ಹೆಸರಿನ ಪುಟಾಣಿಗಳು ಎಷ್ಟೋ ಇದ್ದಾರೆ. ಅದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, ‘ಹುಡುಗಿ ಹೆಸರಾಯ್ತಲ್ಲೇ ಅದು’ ಅಂದಳು. ಆಂದ್ರೇಯಾ, ಲೂಕಾ, ನಿಕೋಲಾ ಎಲ್ಲ ಇಲ್ಲಿ ಗಂಡಸರೇ ಅಂತ ಅವಳಿಗೆ ಒಪ್ಪಿಸುವ ಹೊತ್ತಿಗೆ ಸ್ಕ್ಯಾನಿಂಗಿನಲ್ಲಿ ಹೆಣ್ಣು ಅಂತ ಗೊತ್ತಾಗಿ ಆ ಕಾಲಮ್ಮಿನ ಕೆಲಸವೇ ಮುಗಿಯಿತು. (ಇಲ್ಲಿ ಸ್ಕ್ಯಾನಿಂಗಿನವರು ಕೇಳಿದರೆ ಹೇಳುತ್ತಾರೆ. ಅಮ್ಮ ಅದನ್ನು ಬಹಳ ದಿನ ನಂಬಲಿಲ್ಲ.)

ಹೆಣ್ಣು ಹೆಸರಿನ ಕಥೆ ಅಷ್ಟು ಸಲೀಸಾಗಿರಲಿಲ್ಲ.

ಗಂಡನಿಗೆ ಅತ್ಯಂತ ಇಷ್ಟವಾದ ಹೆಸರು ಒಂದಿತ್ತು. ಸಿಸಿರೋ ಎಂಬ ಮಹಾ ವಾಗ್ಮಿಯ ಮಗಳದು. ಆಕೆ ಕ್ರಿ.ಪೂ. 45ರಲ್ಲಿ, ಹೆರಿಗೆಯಾದ ಸ್ವಲ್ಪ ದಿನಕ್ಕೆ ತೀರಿಕೊಂಡಳು. ಅಪ್ಪ ಬರೆದ ಪತ್ರಗಳಲ್ಲಿ ಆ ಸಂಕಟ ಇನ್ನೂ ಹಸಿಯಾಗಿದೆ. ಅದನ್ನೆಲ್ಲ ಆತ ಕಣ್ಣು ಒದ್ದೆ ಮಾಡಿಕೊಂಡು ಹೇಳಿ, ಕೊನೆಗೆ ಹೆಸರು ಹೇಳಿದ: ‘ತುಲ್ಲಿಯಾ.’ ನಾನು ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು. ಕನ್ನಡ ಬಲ್ಲವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಅವನಿಗೆ ಹೇಳಬೇಕಾಯಿತು. ಹೇಳಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ ಪಾಪ, ಎದ್ದು ಹೋಗಿ ಸದ್ದಿಲ್ಲದೆ ಆ ಹೆಸರಿನ ಮೇಲೆ ಗೆರೆ ಎಳೆದ. ತಿಪಟೂರಿನ ಸಂತೆಪೇಟೆಯಲ್ಲಿ ನಮ್ಮಮ್ಮ ಮೊಮ್ಮಗಳನ್ನು ಆ ಹೆಸರಿನಿಂದ ಕೂಗುವುದನ್ನು ನೆನೆಸಿಕೊಂಡರೆ ಈಗಲೂ ನನಗೆ ಬೆವರುತ್ತದೆ.

ಆಮೇಲೆ ಅರ್ಥಗಳ ಸರದಿ. ಅಮ್ಮ ಪ್ರತಿ ಹೆಸರಿಗೂ ‘ಅರ್ಥ ಏನು’ ಅಂತ ಕೇಳುವವಳು. ಕ್ಲಾವುದಿಯಾ ಅಂದರೆ ಕುಂಟುವವಳು. ಚೆಚೀಲಿಯಾ, ಕುರುಡಿ. ಒತ್ತಾವಿಯಾ, ಎಂಟನೆಯವಳು. ‘ಮೊದಲಿನ ಏಳು ಎಲ್ಲಮ್ಮಾ?’ ಅಂದಳು, ಮರುಗಳಿಗೆಗೆ ‘ಕೃಷ್ಣಾನೂ ಎಂಟನೆಯವನೇ, ಇರ್ಲಿ ಬಿಡು’ ಅಂತ ಅದನ್ನು ಉಳಿಸಿಕೊಂಡಳು. ಫಾಬಿಯಾ ಎಂದರೆ ಅವರೆ ಜಾತಿಯ ಕಾಳು. ಸಿಸಿರೋ ಅಂದರೇ ಕಡಲೆ. ಕಾಳು ಕಡಿ ಬೆಳೆಯುವುದರಲ್ಲಿ ಹೆಸರು ಮಾಡಿದ ಮನೆತನಗಳಿಗೆ ಆಯಾ ಕಾಳಿನ ಹೆಸರೇ ಬಂತೆಂದು ಪ್ಲಿನಿ ಎಂಬ ರೋಮನ್ ಲೇಖಕ ಬರೆದಿದ್ದಾನೆ. ಗಂಡಸರ ಅಡ್ಡಹೆಸರುಗಳಂತೂ ಇನ್ನೂ ಸೊಗಸು. ಕವಿ ಓವಿಡನ ಮೂರನೇ ಹೆಸರು ನಾಸೊ, ದೊಡ್ಡ ಮೂಗಿನವನು. ಹೊರೇಸನದು ಫ್ಲಾಕ್ಕುಸ್, ಜೋಲುಗಿವಿ. ಕ್ರಾಸ್ಸುಸ್ ದಪ್ಪಗಿನವನು, ಬಾಲ್ಬುಸ್ ತೊದಲ.

‘ಹಿಂಗೆಲ್ಲಾ ಹೆಸರಿಡ್ತಾರಾ?’ ಅಂತ ಅಮ್ಮ ರಾಗ ಎಳೆದಳು. ನಾನು ನಮ್ಮ ಬೀದಿಯನ್ನೇ ನೆನಪಿಸಿದೆ. ತಿಪ್ಪಮ್ಮ ಯಾಕೆ ತಿಪ್ಪಮ್ಮ? ಹಿಂದಿನ ಕೂಸುಗಳು ಉಳಿಯಲಿಲ್ಲವೆಂದು ಅವಳನ್ನು ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡದ್ದಕ್ಕೆ. ಸಾಕಮ್ಮ? ಹೆಣ್ಣು ಮಕ್ಕಳು ಇನ್ನು ಸಾಕು ಅಂತ. ಕರಿಯಪ್ಪ, ಗುಂಡಮ್ಮ ಬೇರೆ. ಅಮ್ಮ ಆ ಕಡೆಯಿಂದ ‘ಹೂಂ’ ಅಂದಳು. ರೋಮನ್ನರೂ ನಮ್ಮ ಹಾಗೇ ಊರಮಂದಿ ಅಂತ ಅವಳಿಗೆ ಅನ್ನಿಸಿದ್ದು ಆವಾಗಲೇ ಇರಬೇಕು.

ಆದರೆ ನನಗೆ ಸಿಟ್ಟು ಬಂದದ್ದೂ ಈ ಹಂತದಲ್ಲೇ. ಒಂದು ಭಾನುವಾರ ದಿಯೊಕ್ಲೆತ್ಸಿಯಾನೊ ಚಕ್ರವರ್ತಿಯ ಸ್ನಾನಗೃಹಗಳ ಮ್ಯೂಸಿಯಮ್ಮಿಗೆ ಹೋಗಿದ್ದೆವು. ಶಾಸನಗಳ ವಿಭಾಗದಲ್ಲಿ ಸಾಲುಸಾಲು ಸಮಾಧಿ ಕಲ್ಲುಗಳು. ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ದಿನ ಬದುಕಿದರು ಅಂತ ಲೆಕ್ಕ ಕೊರೆದಿರುತ್ತಾರೆ. ಗಂಡ ಓದಿ ಹೇಳುತ್ತಿದ್ದ. ಗಂಡಸರಿಗೆ ಮೂರು ಹೆಸರು: ಸ್ವಂತದ್ದೊಂದು, ಕುಲದ್ದೊಂದು, ಅಡ್ಡಹೆಸರೊಂದು. ನಮ್ಮ ತಾತನ ಹೆಸರಿನ ಹಾಗೇ: ಊರಿನ ಇನಿಷಿಯಲ್ಲು, ಅವರಪ್ಪನ ಇನಿಷಿಯಲ್ಲು, ಆಮೇಲೆ ಹೆಸರು. ಹೆಂಗಸರಿಗೆ? ಕುಲದ ಹೆಸರನ್ನೇ ಸ್ತ್ರೀಲಿಂಗ ಮಾಡಿ ಅಂಟಿಸಿದರೆ ಮುಗಿಯಿತು. ಕೊರ್ನೇಲಿಯುಸ್‌ಗಳ ಮನೆಯ ಹುಡುಗಿ ಕೊರ್ನೇಲಿಯಾ. ಅವಳ ತಂಗಿಯೂ ಕೊರ್ನೇಲಿಯಾ. ಗುರುತಿಗೆ ಬೇಕಾದರೆ ದೊಡ್ಡವಳು, ಚಿಕ್ಕವಳು. ಇಲ್ಲವೇ ಮೂರನೆಯವಳು ಅಂತ ತೆರ್ತಿಯಾ. ಮಾರ್ಕ್ ಆಂಟನಿಯ ಹೆಣ್ಣುಮಕ್ಕಳಲ್ಲಿ ಇಬ್ಬರು ಚರಿತ್ರೆಯಲ್ಲಿ ಉಳಿದಿರುವುದು ದೊಡ್ಡ ಆಂತೋನಿಯಾ, ಚಿಕ್ಕ ಆಂತೋನಿಯಾ ಅಂತಲೇ. ‘ಅಂದ್ರೆ ನೀನು ಹೆಸರು ಅಂತ ಹುಡುಕ್ತಿರೋದೆಲ್ಲ ಮನೆತನದ ಹೆಸರುಗಳು. ಒಂದೂ ಆ ಹುಡುಗೀರದ್ದಲ್ಲ’ ಅಂದೆ. ಆತ ಇಲ್ಲ ಅನ್ನಲಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಆ ಕಲ್ಲುಗಳ ಮಧ್ಯೆ ನಿಂತಿದ್ದವಳಿಗೆ ಸಮಾಧಾನ ಹೇಳುವುದೂ ಕಷ್ಟವೇ.

ಕಾಲು ನೋವು ಅಂತ ಹತ್ತಿರದಲ್ಲೇ ಇರುವ ಪಲಾತ್ಸೊ ಮಾಸ್ಸಿಮೊ ಎಂಬ ಇನ್ನೊಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದ. ಅಲ್ಲೊಂದು ಕೋಣೆಯಲ್ಲಿ ಬೆಂಚು ಇದೆ, ಕೂತುಕೋಬಹುದು ಅಂದ. ಆಗಸ್ಟಸನ ಹೆಂಡತಿ ಲಿವಿಯಾಳ ತೋಟದ ಮನೆಯ ಚಿತ್ರಗಳಿರುವ ಕೋಣೆ ಅದು. ಊರ ಹೊರಗೆ ಪ್ರೀಮಾ ಪೋರ್ತಾದಲ್ಲಿ 1863ರಲ್ಲಿ ಅಗೆಯುವಾಗ ಸಿಕ್ಕಿದ್ದು. ಬೇಸಿಗೆಯಲ್ಲಿ ತಂಪಾಗಿರಲೆಂದು ಅರ್ಧ ನೆಲದೊಳಗೆ ಕಟ್ಟಿದ್ದ ಕೋಣೆ. ನಾಲ್ಕೂ ಗೋಡೆಗೆ ತೋಟ ಬರೆದಿದ್ದಾರೆ. ದಾಳಿಂಬೆ ಬಿರಿದಿದೆ, ಹಕ್ಕಿಗಳು ಕೂತಿವೆ, ಹಿಂದೆಲ್ಲ ನೀಲಿಯೋ ಹಸಿರೋ ಹೇಳಲಾಗದ ಒಂದು ಬಣ್ಣ. ಅಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ. ಹೊಟ್ಟೆಯೊಳಗಿನವಳೂ ಸುಮ್ಮನಿದ್ದಳು. ಏಳುವಾಗ ‘ಲಿವಿಯಾ ಆಗಬಹುದು’ ಅಂದೆ. ಸಿಟ್ಟು ಹೋಗಿತ್ತು ಅಂತಲ್ಲ. ಲಿವಿಯುಸ್ ಕುಲದ ಹುಡುಗಿ ಅನ್ನುವುದಕ್ಕಿಂತ ಹೆಚ್ಚಿನ ಅರ್ಥ ಆ ಹೆಸರಿಗೂ ಇಲ್ಲ. ಆ ಗೋಡೆಗಳು ಇಷ್ಟವಾಗಿದ್ದವು, ಅಷ್ಟೆ.

ಆ ಲಿವಿಯಾಳ ಬಗ್ಗೆ ಒಳ್ಳೆಯ ಮಾತೂ ಇದೆ, ಕೆಟ್ಟ ಮಾತೂ ಇದೆ. ತೋಟದ ಗಿಡದಲ್ಲೇ ಅಂಜೂರಕ್ಕೆ ವಿಷ ಸವರಿ ಗಂಡನಿಗೆ ತಿನ್ನಿಸಿದಳೆಂದು ದಿಯೊ ಎಂಬ ಇತಿಹಾಸಕಾರ ಗಾಳಿಮಾತು ಬರೆದಿಟ್ಟಿದ್ದಾನೆ. ಅದನ್ನು ನಾನು ಅಮ್ಮನಿಗೆ ಹೇಳಲಿಲ್ಲ, ಬಾಣಂತನದ ಅಂಜೂರದ ಲಾಡು ತಪ್ಪಿಹೋದೀತು ಅಂತ. ಹೇಳಿದ್ದು ಇಷ್ಟೆ: ಲಿವಿಯುಸ್ ಎಂಬ ಹೆಸರಿಗೂ ನೀಲಿ ಛಾಯೆ ಅನ್ನುವ ಲ್ಯಾಟಿನ್ ಮಾತಿಗೂ ನಂಟಿದೆಯೆಂದು ಕೆಲವರು ಹೇಳುತ್ತಾರೆ. ಅಮ್ಮ ಒಂದು ನಿಮಿಷ ಮಾತಾಡಲಿಲ್ಲ. ಲೈನು ಹೋಯಿತೇನೋ ಅಂದುಕೊಂಡೆ. ‘ಹಾಗಾದ್ರೆ ಜೊತೆಗೆ ನೀಲಾ ಅಂತ ಇಡು. ಅವರದ್ದೂ ಆಯ್ತು, ನಮ್ಮದೂ ಆಯ್ತು’ ಅಂದಳು. ದೇವರ ಹೆಸರು ಕೇಳುತ್ತಿದ್ದಾಳೆ ಅಂತ ನಾನು ತಿಳಿದೆ.

ಅಮ್ಮ ಬಾಣಂತನಕ್ಕೆ ಬಂದಳು. ವೀಸಾ, ಓಂಕಾಳು, ಮೆಣಸು, ಬೆಳ್ಳುಳ್ಳಿ, ತಿಪಟೂರಿನ ಕೊಬ್ಬರಿ, ಎಲ್ಲ ದಾಟಿತು. ಐದನೇ ತಾರೀಖು ಬುಧವಾರ ಬೆಳಗಿನ ಜಾವ ಮಗಳು ಹುಟ್ಟಿದಳು.

ಆಗ ಶುರುವಾಯಿತು ನೋಡಿ ದಿನದ ಲೆಕ್ಕ. ಇಟಲಿಯ ಕಾನೂನಿನ ಪ್ರಕಾರ ಜನನ ನೋಂದಣಿಯನ್ನು ಆಸ್ಪತ್ರೆಯಲ್ಲೇ ಮಾಡಿಸಿದರೆ ಮೂರು ದಿನದೊಳಗೆ, ನಗರಸಭೆಯಲ್ಲಾದರೆ ಹತ್ತು ದಿನದೊಳಗೆ ಮಾಡಿಸಬೇಕು. ಹೆಸರಿಲ್ಲದೆ ನೋಂದಣಿ ಇಲ್ಲ. ನಮ್ಮೂರ ಹಾಗೆ ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟು ಸರ್ಟಿಫಿಕೇಟು ತಂದು ಆಮೇಲೆ ತುಂಬಿಸುವ ಮಾತೇ ಇಲ್ಲ. ಅಮ್ಮನ ಪ್ರಕಾರ ಪುರುಡು ಕಳೆದು ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೇಳುವ ತನಕ ಹೆಸರಿನ ಉಸಿರೆತ್ತುವ ಹಾಗಿಲ್ಲ. ಇವರಿಬ್ಬರ ನಡುವೆ ನನ್ನ ಗಂಡ ಮೂರನೆಯದೊಂದು ದಿನ ತಂದ: ಎಂಟು. ರೋಮನ್ನರು ಹೆಣ್ಣುಮಗುವಿಗೆ ಎಂಟನೇ ದಿನ, ಗಂಡುಮಗುವಿಗೆ ಒಂಬತ್ತನೇ ದಿನ ಹೆಸರಿಡುತ್ತಿದ್ದರು. ನಮ್ಮ ಹಾಗೇ ಹುಟ್ಟಿದ ದಿನವನ್ನೂ ಸೇರಿಸಿ ಎಣಿಕೆ. ಆ ದಿನಕ್ಕೆ ‘ದಿಯೆಸ್ ಲುಸ್ತ್ರಿಕುಸ್’ ಎಂದು ಹೆಸರು, ಶುದ್ಧಿಯ ದಿನ ಅಂತ ಅರ್ಥ. ಒಂಬತ್ತನೇ ದಿನದ ಹೆಸರಿನಲ್ಲೇ ನುಂದಿನಾ ಅಂತ ಒಬ್ಬ ದೇವತೆಯೂ ಇದ್ದಳು. ಅಷ್ಟು ದಿನ ಯಾಕೆ ಕಾಯಬೇಕು ಎಂದು ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ತನ್ನ ಒಂದು ಪುಸ್ತಕದಲ್ಲಿ ಕೇಳಿಕೊಂಡು ಉತ್ತರವನ್ನೂ ಕೊಡುತ್ತಾನೆ: ಹೊಕ್ಕುಳಬಳ್ಳಿ ಉದುರುವುದು ಏಳನೇ ದಿನದ ಹೊತ್ತಿಗೆ, ಅಲ್ಲಿಯವರೆಗೆ ಕೂಸು ಪ್ರಾಣಿಗಿಂತ ಗಿಡಕ್ಕೇ ಹತ್ತಿರ.

ಇದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ ಮಗುವಿನ ಹೊಕ್ಕುಳ ನೋಡುತ್ತಾ, ‘ಸರಿಯಾಗೇ ಹೇಳಿದಾನೆ. ಯಾರವನು, ಡಾಕ್ಟ್ರಾ?’ ಅಂದಳು.

ಗಂಡ ಬೇಕೆಂದೇ ಎಂಟನೇ ದಿನಕ್ಕೆ, ಮುಂದಿನ ಬುಧವಾರಕ್ಕೆ, ಕಚೇರಿಯ ಅಪಾಯಿಂಟ್‌ಮೆಂಟ್ ಹಿಡಿದ. ಅಮ್ಮನದು ಒಂದೇ ಕರಾರು: ‘ಕಾಗದದಲ್ಲಿ ಬರ್ಕೊಳ್ಳಲಿ. ಬಾಯಲ್ಲಿ ಯಾರೂ ಕೂಗಬೇಡಿ.’ ತಲೆಗೆ ಬಟ್ಟೆ ಕಟ್ಟಿಕೊಂಡು ಓಂಕಾಳಿನ ಹೊಗೆಯಲ್ಲಿ ಕೂತಿದ್ದ ನನ್ನನ್ನು ಹೊರಗೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಮದುವೆಯಾದವರಾದರೆ ಇಬ್ಬರಲ್ಲಿ ಒಬ್ಬರು ಹೋದರೂ ನಡೆಯುತ್ತದೆ. ಆತನೊಬ್ಬನೇ ಹೋದ.

ಅರ್ಧ ಗಂಟೆಗೆ ಫೋನು ಬಂತು. ಕೌಂಟರಿನಿಂದಲೇ.

ಮೊದಲ ಪ್ರಶ್ನೆ ಮನೆತನದ ಹೆಸರಿನದು. 2022ರಲ್ಲಿ ಇಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅಪ್ಪನ ಮನೆತನದ ಹೆಸರೊಂದೇ ತಾನಾಗಿ ಮಗುವಿಗೆ ಬರುವ ಪದ್ಧತಿಯನ್ನು ತೆಗೆದುಹಾಕಿತು. ಈಗ ತಂದೆತಾಯಿ ಬೇರೆ ಥರ ಒಪ್ಪಿಕೊಳ್ಳದಿದ್ದರೆ ಇಬ್ಬರದ್ದೂ ಬರುತ್ತದೆ. ನನಗೆ ಮನೆತನದ ಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿರುವುದು ನಮ್ಮಪ್ಪನ ಹೆಸರು. ಅಪ್ಪ ತೀರಿಕೊಂಡು ಆರು ವರ್ಷ. ‘ಎರಡೂ ಇರಲಿ’ ಅಂದೆ. ಅದಕ್ಕೆ ಯೋಚನೆ ಬೇಕಾಗಲಿಲ್ಲ.

ಎರಡನೇ ಪ್ರಶ್ನೆ ವಿಚಿತ್ರವಾಗಿತ್ತು. ‘ಅಲ್ಪವಿರಾಮ ಬೇಕಾ, ಬೇಡವಾ ಅಂತ ಕೇಳ್ತಿದಾರೆ.’

ನನಗೆ ಅರ್ಥವಾಗಲಿಲ್ಲ. ಆಮೇಲೆ ಗುಮಾಸ್ತೆಯೇ ಫೋನು ತೆಗೆದುಕೊಂಡು ನಿಧಾನಕ್ಕೆ ವಿವರಿಸಿದರು. ಮಗುವಿಗೆ ಮೂರು ಹೆಸರುಗಳವರೆಗೆ ಇಡಬಹುದು. ನಡುವೆ ಅಲ್ಪವಿರಾಮ ಹಾಕದಿದ್ದರೆ ಎಲ್ಲ ಸೇರಿ ಒಂದೇ ಹೆಸರು. ಸರ್ಟಿಫಿಕೇಟು, ಗುರುತಿನ ಚೀಟಿ, ಎಲ್ಲ ಕಡೆ ಪೂರ್ತಿ ಬರೆಯಬೇಕು. ಅಲ್ಪವಿರಾಮ ಹಾಕಿದರೆ ಮೂಲ ದಾಖಲೆಯಲ್ಲಿ ಮಾತ್ರ ಎಲ್ಲ ಇರುತ್ತದೆ, ಕೈಗೆ ಬರುವ ಸರ್ಟಿಫಿಕೇಟಿನಲ್ಲಿ ಮೊದಲನೆಯದೊಂದೇ. ‘ಬಹಳ ಜನ ಅಜ್ಜಿಯ ಸಮಾಧಾನಕ್ಕೆ ಅಂತ ಎರಡನೇ ಹೆಸರು ಇಟ್ಟು ಅಲ್ಪವಿರಾಮ ಹಾಕಿಸ್ತಾರೆ. ನಿಮಗೂ ಅದೇ ಸುಲಭ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಳಗೆ ನೋಡಿದೆ. ಅಜ್ಜಿ ಮಗುವಿನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ‘ಅಲ್ಪವಿರಾಮ ಬೇಡ’ ಅಂದೆ.

‘ನೀಲಾ ಅಂದರೆ ನೈಲ್ ನದಿಯಿಂದ ಬಂದಿದ್ದಾ?’ ಅಂತ ಕೇಳಿದರು ಆಕೆ. ಇಟಾಲಿಯನ್ನಿನಲ್ಲಿ ನೈಲ್ ನದಿಗೆ ನೀಲೊ ಅನ್ನುತ್ತಾರೆ. ಇಲ್ಲ, ಬಣ್ಣ, ಅಂದೆ.

ಅಲ್ಪವಿರಾಮ ಬಿಟ್ಟದ್ದಕ್ಕೆ ಗಂಡನಿಗೆ ಒಂದೇ ಒಂದು ಬೇಜಾರು. ಇಲ್ಲಿ ಹುಟ್ಟಿದ ಕೂಡಲೇ ಪ್ರತಿಯೊಬ್ಬರಿಗೂ ಹದಿನಾರು ಅಕ್ಷರ-ಅಂಕಿಗಳ ತೆರಿಗೆ ಸಂಕೇತ ಬರುತ್ತದೆ. ಹೆಸರಿಗೆ ಅದರಲ್ಲಿ ಮೂರು ಅಕ್ಷರ, ವ್ಯಂಜನಗಳಿಗೆ ಮೊದಲ ಪಾಳಿ. ಬರೀ ಲಿವಿಯಾ ಆಗಿದ್ದರೆ ವ್ಯಂಜನ ಎರಡೇ, ಒಂದು ಸ್ವರ ಸೇರಿ ಎಲ್, ವಿ, ಐ ಬರುತ್ತಿತ್ತು; ರೋಮನ್ ಅಂಕಿಯಲ್ಲಿ ಐವತ್ತಾರು! ಲ್ಯಾಟಿನ್ ಮೇಷ್ಟರಿಗೆ ಇದಕ್ಕಿಂತ ಏನು ಬೇಕು. ನೀಲಾ ಸೇರಿ ನಾಲ್ಕು ವ್ಯಂಜನವಾಯಿತು. ನಾಲ್ಕಿದ್ದರೆ ಒಂದನೆಯದು, ಮೂರನೆಯದು, ನಾಲ್ಕನೆಯದನ್ನು ಆರಿಸುತ್ತಾರೆ. ಎಲ್, ಎನ್, ಎಲ್. ರೋಮನ್ ಚಕ್ರವರ್ತಿನಿಯ ಪಾಲಿಗೆ ಒಂದು ಅಕ್ಷರ, ನಮ್ಮ ನೀಲಾ ಪಾಲಿಗೆ ಎರಡು. ಹುಟ್ಟಿದ ದಿನದ ಜಾಗದಲ್ಲಿ 45 ಅಂತಿದೆ. ಹೆಣ್ಣಾದರೆ ತಾರೀಖಿಗೆ ನಲವತ್ತು ಕೂಡಿಸುತ್ತಾರೆ. ಯಾಕೆ ಹೆಣ್ಣಿಗೇ ಕೂಡಿಸಬೇಕು ಅಂತ ಕೇಳಬೇಡಿ, ಮ್ಯೂಸಿಯಮ್ಮಿನ ಸಿಟ್ಟು ಮತ್ತೆ ಬರುತ್ತದೆ.

ಆಮೇಲಿನ ನಾಲ್ಕು ದಿನ ನಮ್ಮ ಮನೆಯಲ್ಲಿ ಸರ್ಕಾರಕ್ಕೆ ಗೊತ್ತಿದ್ದ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಅತ್ತೆ ಮೆಟ್ಟಿಲು ಹತ್ತುತ್ತಲೇ ‘ಲಿವಿಯಾ, ಲಿವಿಯೆತ್ತಾ’ ಅಂತ ಶುರು ಮಾಡಿದರೆ ಅಮ್ಮ ಒಳಗಿನಿಂದ ತುಟಿಗೆ ಬೆರಳಿಟ್ಟುಕೊಂಡು ಓಡಿ ಬರುತ್ತಿದ್ದಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಎರಡನೇ ದಿನಕ್ಕೆ ಅತ್ತೆಯೂ ಬಾಗಿಲಲ್ಲಿ ನಿಂತು ತಾವೇ ತುಟಿಗೆ ಬೆರಳಿಟ್ಟುಕೊಂಡು ಒಳಗೆ ಬರತೊಡಗಿದರು.

ಹನ್ನೆರಡನೇ ದಿನ ತೊಟ್ಟಿಲು. ಪುರೋಹಿತರಿಲ್ಲ, ಇದ್ದವರು ಏಳೆಂಟು ಜನ. ಕೂಸಿಗಿಂತ ಮುಂಚೆ ತೊಟ್ಟಿಲಿಗೆ ಹಾಕಲು ಗುಂಡುಕಲ್ಲು ಬೇಕು. ರೋಮಿನಲ್ಲಿ ಗುಂಡುಕಲ್ಲು ಎಲ್ಲಿಂದ ತರುವುದು? ಅಮ್ಮನ ಕಣ್ಣು ಬಾಲ್ಕನಿಯ ಬಾಗಿಲಿಗೆ ಒತ್ತು ಕೊಟ್ಟಿದ್ದ ಕಪ್ಪು ಕಲ್ಲಿನ ಮೇಲೆ ಬಿತ್ತು. ಇಲ್ಲಿನ ಹಳೆಯ ಬೀದಿಗಳಿಗೆ ಹಾಸುವ ಬಸಾಲ್ಟ್ ಕಲ್ಲು, ಸಾಂಪಿಯೆತ್ರೀನೊ ಅನ್ನುತ್ತಾರೆ. ದವಡೆ ಹಲ್ಲಿನ ಆಕಾರ. ಮಾವನವರ ಕಾಲದಿಂದ ಆ ಬಾಗಿಲಲ್ಲೇ ಇದೆ. ಯಾವ ಬೀದಿಯದೋ ಯಾರೂ ಕೇಳಿಲ್ಲ. ಅಮ್ಮ ಅದನ್ನು ತೊಳೆದು ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ತೊಟ್ಟಿಲಿಗಿಟ್ಟಳು. ಅತ್ತೆ ಕಲ್ಲಿಗೂ ಒಂದು ಮುತ್ತು ಕೊಟ್ಟರು. ಶಾಸ್ತ್ರದಲ್ಲಿ ಅದಿಲ್ಲ ಅಂತ ಯಾರೂ ಹೇಳಲಿಲ್ಲ.

ತಟ್ಟೆಯಲ್ಲಿ ಅಕ್ಕಿ ಹರಡಿ, ಅರಿಶಿನದ ಕೊಂಬಿನಿಂದ ಇಬ್ಬರೂ ಬರೆದರು. ಗಂಡ ಶಾಸನದ ಅಕ್ಷರಗಳಲ್ಲಿ ಲಿವಿಯಾ ಅಂತ ಬರೆದ. ಐದೂ ಅಕ್ಷರ ನೆಟ್ಟಗಿನ ಗೆರೆಗಳೇ, ಎಲ್ಲೂ ಬಾಗಿಲ್ಲ. ಉಳಿ ಹಿಡಿದು ಕಲ್ಲಿನಲ್ಲಿ ಕೊರೆಯುವವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಅದರ ಕೆಳಗೆ ಅಮ್ಮ ನೀಲಾ ಅಂತ ಬರೆದಳು, ಸುತ್ತಿ ಸುತ್ತಿ, ಅಕ್ಕಿ ಚೆಲ್ಲದ ಹಾಗೆ.

ತಿಪಟೂರಿನಿಂದ ಸೋದರಮಾವ ವಿಡಿಯೋ ಕಾಲಿನಲ್ಲಿದ್ದರು. ತಟ್ಟೆ ತೋರಿಸಿದೆ. ಓದಿದವರೇ ಜೋರಾಗಿ ನಕ್ಕರು. ‘ಏನಕ್ಕಾ, ನಿನ್ ಹೆಸರು ವಾಪಸ್ ಇಸ್ಕೊಂಡ್ಯಾ?’

ಅಮ್ಮ ‘ಸುಮ್ನಿರೋ’ ಅಂತ ಗದರಿದಳು. ಆಗ ನನಗೆ ಹೊಳೆಯಿತು. ಅಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನೀಲಾವತಿ ಅಂತ ಇತ್ತು. ಟ್ರಂಕಿನಲ್ಲಿ ಒಮ್ಮೆ ನೋಡಿ ಮರೆತಿದ್ದೆ. ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಅಪ್ಪನ ಕೈಲಿ ಬೇರೆ ಹೆಸರು ಬರೆಸಿದ್ದರು. ನಾನು ಹುಟ್ಟಿದಾಗಿನಿಂದ ಕೇಳಿರುವುದು ಆ ಎರಡನೇ ಹೆಸರನ್ನೇ. ಗಂಡನಿಗೆ ಇದನ್ನು ಪಿಸುಗುಟ್ಟಿದೆ. ಲಿವಿಯಾಳಿಗೂ ಹಾಗೇ ಆಯಿತು ಅಂದ ಆತ. ಕ್ರಿ.ಶ. 14ರಲ್ಲಿ ಆಗಸ್ಟಸ್ ಸತ್ತಾಗ ಉಯಿಲಿನಲ್ಲಿ ಅವಳನ್ನು ತನ್ನ ಕುಲಕ್ಕೆ ದತ್ತು ತೆಗೆದುಕೊಂಡಿದ್ದ. ಎಪ್ಪತ್ತು ದಾಟಿದ ಹೆಂಗಸು ಆವತ್ತಿನಿಂದ ಜೂಲಿಯಾ ಆಗುಸ್ತಾ ಆದಳು. ಅಮ್ಮ ಏನದು ಅಂತ ಕೇಳಿದಳು. ಆಮೇಲೆ ಹೇಳ್ತೀನಿ ಅಂದೆ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಾಗಿತ್ತು.

ಮೂರು ವಾರಕ್ಕೆ ಆರೋಗ್ಯ ಕಾರ್ಡು ಅಂಚೆಯಲ್ಲಿ ಬಂತು. ಪ್ಲಾಸ್ಟಿಕ್ಕಿನದು, ಎಟಿಎಂ ಕಾರ್ಡಿನಷ್ಟು. ಅಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದಳು. ಮೊದಲು ಅವರ ಮನೆತನ, ಪಕ್ಕದಲ್ಲಿ ಅಪ್ಪನ ಹೆಸರು. ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಕೆಳಗಿನ ಸಾಲಿಗೆ ಬಂದು ಬೆರಳಿಟ್ಟು ಕೇಳಿದಳು, ‘ಇದೇನು, ನಡುವೆ ಜಾಗ ಬಿಟ್ಟಿದಾರೆ, ಏನೂ ಹಾಕಿಲ್ವಲ್ಲ?’

‘ಹಾಕಬಾರದು ಅಂತ ನಾನೇ ಹೇಳಿದ್ದು’ ಅಂದೆ.

‘ಸರಿ. ಫೋಟೋ ತೆಗೆದು ನಿಮ್ಮ ಮಾವನಿಗೆ ಕಳ್ಸು’ ಅಂದಳು.